ತರಕಾರಿ ಬೆಳೆಯುವ ಊರುಗಳ ನೀರಿನಲ್ಲಿ ಕೀಟನಾಶಕ ಪರೀಕ್ಷಿಸುವಂತೆ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೆಳಗಾವಿ
ಮುಖಾಂತರ: ಮಾನ್ಯ ಉಪವಿಭಾಗಾಧಿಕಾರಿಗಳು, ಚಿಕ್ಕೋಡಿ

ವಿಷಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಬಾವಿ, ಬೋರ್‌ವೆಲ್, ಹಳ್ಳ, ನದಿನೀರಿನ ಪರೀಕ್ಷೆ ಮತ್ತು ರಕ್ಷಣೆ.

ಮಾನ್ಯರೇ,

ಬದನೆ, ಟೊಮೆಟೊ, ಮೆಣಸಿನಕಾಯಿ ಹೊಲಗಳಲ್ಲಿ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು ತುಂಬುವುದು ಬಾವಿಕಟ್ಟೆಯ ಮೇಲೆ, ತೊಳೆಯುವುದು ಹಳ್ಳದಲ್ಲಿ. ಪಕ್ಕದ ಕಬ್ಬಿಗೆ ಹಾಕುವ ಅಟ್ರಾಜಿನ್ ಕಳೆನಾಶಕವಂತೂ ನೀರಿನೊಡನೆ ಕೆಳಗಿಳಿಯುವ ಗುಣದ್ದು. ಬೇಸಿಗೆಯಲ್ಲಿ ಬಿರಿದ ಎರೆಹೊಲಕ್ಕೆ ಮೊದಲ ಮಳೆ ಬಿದ್ದಾಗ ಒಂದಿಷ್ಟು ನೀರು ಬಿರುಕುಗಳಲ್ಲೇ ಆಳಕ್ಕಿಳಿಯುತ್ತದೆ; ಉಳಿದದ್ದು ಹಳ್ಳ ಹಿಡಿದು ವೇದಗಂಗಾ, ದೂಧಗಂಗಾ, ಕೃಷ್ಣೆ ಸೇರುತ್ತದೆ. ಹರಿವು ನಿಂತ ಮೇಲೆ ಬಾಂದಾರಗಳ ಹಿಂದೆ ಉಳಿದ ನೀರನ್ನೇ ನದಿದಂಡೆಯ ಊರುಗಳು ನೆಚ್ಚಿಕೊಳ್ಳುತ್ತವೆ.

ಜಲಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತದೆ. ಕೀಟನಾಶಕ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಆ ಕಿಟ್ ನೋಡಿ ‘ನೀರು ಕುಡಿಯಲು ಯೋಗ್ಯ’ ಎಂದು ಬರೆದ ವರದಿಯನ್ನು ಈ ಮನವಿಗೆ ಉತ್ತರವಾಗಿ ಕೊಡಬಾರದೆಂದು ವಿನಂತಿ. ಮಾನದಂಡಕ್ಕೇನೂ ಕೊರತೆಯಿಲ್ಲ: ಲೀಟರಿಗೆ ಅಟ್ರಾಜಿನ್ 2, ಮೊನೊಕ್ರೊಟೊಫಾಸ್ 1, ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ ಮೀರಬಾರದೆಂದು ಭಾರತೀಯ ಮಾನಕ 10500 (2012) ಹೇಳುತ್ತದೆ. ಅಳೆಯುವವರು ಬೇಕು, ಅಷ್ಟೇ. ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತ ಎಂಡೋಸಲ್ಫಾನ್ ಎಷ್ಟೋ ಮನೆಗಳನ್ನು ಹಾಳುಗೆಡವಿದ ಮೇಲೆ, 2011ರಲ್ಲಿ ನಿಷೇಧ ಬಂತು. ನಮ್ಮಲ್ಲಿ ಅಷ್ಟು ತಡವಾಗಬಾರದು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಒಂದೇ. ವರ್ಷಕ್ಕೆರಡು ಸಲ, ಮುಂಗಾರಿನ ಮೊದಲ ದೊಡ್ಡ ಮಳೆಯ ಬೆನ್ನಿಗೆ ಮತ್ತು ಬೇಸಿಗೆಯಲ್ಲಿ ನದಿ ನಿಂತಾಗ, ಕುಡಿಯುವ ನೀರಿನ ಮೂಲಗಳ ಮಾದರಿ ತೆಗೆದು ಕೀಟನಾಶಕ ಶೇಷಾಂಶ ಅಳೆಯಬಲ್ಲ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಕಚೇರಿಗೆ ಅನುಕೂಲವಾದ ದಿನ ತೆಗೆದ ಮಾದರಿಯಿಂದ ಪ್ರಯೋಜನವಿಲ್ಲ. ಫಲಿತಾಂಶವನ್ನು ಯಾವ ಬಾವಿ, ಯಾವ ಬೋರ್ ಎಂದು ಗುರುತಿಸಿ ಗ್ರಾಮ ಪಂಚಾಯಿತಿ ಫಲಕದಲ್ಲಿ ಕನ್ನಡದಲ್ಲಿ ಹಾಕಬೇಕು. ಮಿತಿ ಮೀರಿದಲ್ಲಿ ಅದೇ ವಾರ ಬೇರೆ ನೀರು ಕೊಡಬೇಕು. ಮಹಾರಾಷ್ಟ್ರದ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡ ಕೃಷ್ಣೆ ನಮ್ಮ ಗಡಿಯೊಳಗೆ ಬರುವ ಜಾಗದಲ್ಲೂ ಮಾದರಿ ತೆಗೆಯಿರಿ. ಇಲ್ಲದಿದ್ದರೆ ಎಲ್ಲವನ್ನೂ ಮಹಾರಾಷ್ಟ್ರದ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ.

ನೀರಿನ ಜೊತೆಗೆ, ಬಿಲ್ಲಿಲ್ಲದೆ ‘ಜೈವಿಕ’ ಎಂಬ ಚೀಟಿ ಹಚ್ಚಿ ಮಾರುವ ಬಾಟಲಿಗಳ ಮಾದರಿಯನ್ನು ಕೀಟನಾಶಕ ನಿರೀಕ್ಷಕರು ತೆಗೆಯಲಿ. ಶಂಕಿತ ಔಷಧದ ಮಾರಾಟವನ್ನು ತನಿಖೆ ನಡೆದಿರುವಾಗ 60 ದಿನಗಳವರೆಗೆ ತಡೆಯುವ ಅಧಿಕಾರ 1968ರ ಕೀಟನಾಶಕ ಕಾಯ್ದೆಯ 27ನೇ ಕಲಮಿನಲ್ಲಿ ರಾಜ್ಯ ಸರ್ಕಾರಕ್ಕಿದೆ. ಬೇಕಾದಲ್ಲಿ ಅದಕ್ಕೆ ತಾವು ಶಿಫಾರಸು ಮಾಡಬೇಕು. ಖಾಲಿ ಡಬ್ಬಿ, ತೊಳೆದ ನೀರು ಜಲಮೂಲ ಕೆಡಿಸಬಾರದೆಂದು 1971ರ ಕೀಟನಾಶಕ ನಿಯಮಗಳ 44ನೇ ನಿಯಮವೇ ಹೇಳುವುದರಿಂದ, ರೈತ ಸಂಪರ್ಕ ಕೇಂದ್ರಗಳಲ್ಲಿ ಡಬ್ಬಿ ಮರಳಿ ಪಡೆಯುವ ವ್ಯವಸ್ಥೆ ಆಗಲಿ.

ಪರೀಕ್ಷೆಯ ಫಲಿತಾಂಶ ರೈತರ ಮೇಲೆ ಕೇಸು ಹಾಕಲು ದಾಖಲೆಯಾಗಕೂಡದು. ಎಣ್ಣೆ ಹೊಡೆಯುವವರೂ ನಾವೇ, ಆ ನೀರು ಕುಡಿಯುವವರೂ ನಾವೇ. ಯಾವುದನ್ನು ಎಷ್ಟು ಹೊಡೆಯಬೇಕೆಂದು ಈಗ ಹೇಳುತ್ತಿರುವವನು ಅಂಗಡಿಯವನು. ಮತ್ತಿಕೊಪ್ಪ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳವರು ಹಂಗಾಮಿನಲ್ಲಿ ನಮ್ಮ ಹೊಲಕ್ಕೆ ಬರುವಂತೆ ಮಾಡಿ.

ಮೊದಲ ಮಾದರಿ ತೆಗೆಯುವ ದಿನಾಂಕವನ್ನೂ ಹೊಣೆ ಹೊತ್ತ ಅಧಿಕಾರಿ ಯಾರೆಂಬುದನ್ನೂ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಮಾದರಿ ತೆಗೆಯುವಾಗ ಊರಿನವರ ಸಹಿಯೂ ಪಂಚನಾಮೆಯಲ್ಲಿರಲಿ.

ತಮ್ಮ ವಿಶ್ವಾಸಿಗಳು,
ಐದು ತಾಲ್ಲೂಕುಗಳ ತರಕಾರಿ ಬೆಳೆಗಾರರು ಮತ್ತು ಗ್ರಾಮಸ್ಥರು