ಕಲ್ಲುಹೂವಿನ ಹೆಸರಲ್ಲಿ ಹುಸಿ ಆಸೆ

ಈ ವಾರ ಮೊಬೈಲಿಗೆ ಬಂದ ಸಂದೇಶವೊಂದನ್ನು ಓದಿ ಮೈ ಉರಿಯಿತು. ಮಸಾಲೆಗೆ ಹಾಕುವ ಕಲ್ಲುಹೂವಿನಿಂದ ಕ್ಯಾನ್ಸರ್ ವಾಸಿಯಾಗುತ್ತದಂತೆ, ಡಾಕ್ಟರುಗಳು ಅದನ್ನು ಮುಚ್ಚಿಟ್ಟಿದ್ದಾರಂತೆ.

ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ಕಲ್ಲುಹೂವಿನ ಬಳಗದಲ್ಲಿ ಸಿಗುವ ಅಸ್ನಿಕ್ ಆಮ್ಲವನ್ನು 1844ರಲ್ಲೇ ಬೇರ್ಪಡಿಸಿದ್ದಾರೆ. ಅದು ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆಂಬ ವರದಿ 1975ರಲ್ಲೇ ಅಚ್ಚಾಗಿದೆ. ಅಂದಹಾಗೆ, ಈ ಆಮ್ಲ ಹೇರಳವಾಗಿರುವುದು ಕೊಂಬೆಗಳಿಂದ ಗಡ್ಡದಂತೆ ಜೋತುಬೀಳುವ ಅಸ್ನಿಯಾ ಎಂಬ ಜಾತಿಯಲ್ಲಿ. ನಮ್ಮ ಮಸಾಲೆ ಡಬ್ಬಿಯದು ಬೇರೆಯೇ ಜಾತಿ.

ಹಾಗಾದರೆ ಇಷ್ಟು ವರ್ಷವಾದರೂ ಅಸ್ನಿಕ್ ಆಮ್ಲವೇಕೆ ಔಷಧವಾಗಲಿಲ್ಲ? ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಪೊರೆಯಲ್ಲಿ ಅದು ಹೈಡ್ರೋಜನ್ ಅಯಾನುಗಳನ್ನು ಸೋರಿಸುತ್ತದೆ. ಶಕ್ತಿ ಸಿಗದೆ ಕೋಶ ಸಾಯುತ್ತದೆ. ಸಾಯುವುದು ಕ್ಯಾನ್ಸರ್ ಕೋಶ ಮಾತ್ರವಲ್ಲ, ಯಕೃತ್ತಿನದೂ ಹೌದು. ಅಮೆರಿಕದಲ್ಲಿ ಇದನ್ನು ಬೆರೆಸಿದ ತೂಕ ಇಳಿಸುವ ಮಾತ್ರೆ ನುಂಗಿದವರ ಯಕೃತ್ತು ಕೆಟ್ಟು, 2001ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವವರು ಇದನ್ನು ನೆನಪಿಡಲಿ.

ಪತ್ರಿಕೆಗಳ ಮೇಲಿನ ನನ್ನ ಹಳೆಯ ಸಿಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೋಶ ಸತ್ತರೆ ಸಾಕು, ಮರುದಿನ 'ಕ್ಯಾನ್ಸರಿಗೆ ಮದ್ದು ಪತ್ತೆ' ಎಂದು ಶೀರ್ಷಿಕೆ. ಆ ತಟ್ಟೆಯಲ್ಲಿ ಆಮ್ಲ, ಸಾಬೂನು ಏನು ಸುರಿದರೂ ಕೋಶ ಸಾಯುತ್ತದೆ. ಒಳ್ಳೆಯ ಕೋಶವನ್ನು ಉಳಿಸಿ ಕೆಟ್ಟದ್ದನ್ನಷ್ಟೇ ಕೊಲ್ಲುವುದು ಕಷ್ಟದ ಕೆಲಸ. ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕದ ಕತೆ ನೋಡಿ. ವಿಜ್ಞಾನಿಗಳಾದ ಮನ್ಸುಖ್ ವಾಣಿ ಮತ್ತು ಮನ್ರೋ ವಾಲ್ ಚೀನಾದ ಮರವೊಂದರಿಂದ ಅದನ್ನು ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ರೋಗಿಗಳಿಗೆ ಕೊಟ್ಟಾಗ ವಿಷವೇ ಹೆಚ್ಚಾಗಿ ಪರೀಕ್ಷೆ ನಿಂತಿತು. ಅಣುವನ್ನು ತಿದ್ದಿ ತೀಡಿದ ಮೇಲೆ, 1996ರಲ್ಲಿ, ಎರಡು ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂವತ್ತು ವರ್ಷ! ಅದೇ ರಾಸಾಯನಿಕ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಅದಕ್ಕಾಗಿ ಆ ಮರಗಳನ್ನು ಕಡಿದು ಸಾಗಿಸಿದ್ದೂ ಆಯಿತು. ಕಲ್ಲುಹೂವಿನ ಗತಿಯೂ ಅದೇ ಆದರೆ? ಅದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವ. ಒಮ್ಮೆ ಕೆರೆದು ತೆಗೆದರೆ ಮತ್ತೆ ಚಿಗುರಲು ದಶಕಗಳೇ ಬೇಕು.

ಸಂಶೋಧನೆ ನಡೆಯಲಿ, ನಡೆಯಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಹುಸಿ ಆಸೆ ಹುಟ್ಟಿಸುವ ಸಂದೇಶಗಳ ಬಗ್ಗೆ. ಮಲೆನಾಡಿನ ನಮ್ಮ ಪರಿಚಯದ ಹೆಂಗಸೊಬ್ಬರು ಎದೆಯ ಗಂಟಿಗೆ ಕೀಮೋ ಅರ್ಧಕ್ಕೇ ಬಿಟ್ಟು ಇಂಥದ್ದೇ ಸಂದೇಶವೊಂದನ್ನು ನಂಬಿ ಕಷಾಯ ಕುಡಿದರು. ಮತ್ತೆ ಆಸ್ಪತ್ರೆಗೆ ಬರುವಷ್ಟರಲ್ಲಿ ರೋಗ ಮೂಳೆಗೆ ಹರಡಿತ್ತು. ಕಷಾಯದ ಸಂದೇಶ ಕಳಿಸಿದ ಮಹಾನುಭಾವ ತನ್ನ ಎದೆನೋವಿಗೆ ಮಾತ್ರ ಕಷಾಯ ಕುಡಿಯಲಿಲ್ಲ, ರಾತ್ರೋರಾತ್ರಿ ಮಂಗಳೂರಿನ ಹೃದ್ರೋಗ ತಜ್ಞರ ಬಳಿಗೆ ಓಡಿದ.