ಮೇಲ್ಮನವಿಯೂ ಒಂದು ಮರುಮೌಲ್ಯಮಾಪನ

ಹೋದ ತಿಂಗಳ ಒಂದು ಶನಿವಾರ ತರೀಕೆರೆಯಿಂದ ಅಜ್ಜಂಪುರಕ್ಕೆ ಬರುವ ಬಸ್ಸಿನಲ್ಲಿ ದೊಡ್ಡಪ್ಪ ಸಿಕ್ಕರು. ಯಾರಿಗೋ ಭದ್ರತೆಗೆಂದು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕು ಅವರನ್ನು ಮೂರು ವರ್ಷ ಕೋರ್ಟಿಗೆ ಅಲೆಸಿತ್ತು. ಆ ವಾರ ತೀರ್ಪು ಬಂದಿತ್ತು: ಆರು ತಿಂಗಳ ಸಜೆ, ಜೊತೆಗೆ ದಂಡ. ಮೇಲ್ಮನವಿ ಹಾಕಿಕೊಳ್ಳಲೆಂದು ಶಿಕ್ಷೆಯನ್ನು ಸದ್ಯಕ್ಕೆ ಅಮಾನತಿನಲ್ಲಿ ಇಟ್ಟಿದ್ದರು.

'ಅಪೀಲು ಹಾಕ್ತೀರಾ ದೊಡ್ಡಪ್ಪ?' ಅಂದೆ.

'ಅದೆಲ್ಲ ದುಡ್ಡಿದ್ದೋರ ಆಟ ಕಣೋ. ಕೆಳಗಿನ ಕೋರ್ಟು ಜೈಲು ಅನ್ನುತ್ತೆ, ಮೇಲಿನ ಕೋರ್ಟು ಬಿಟ್ಟುಬಿಡಿ ಅನ್ನುತ್ತೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳಿದಂಗಾಯ್ತಲ್ಲ?'

ಬಸ್ಸಿನಲ್ಲಿ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನನ್ನದೇ ಕಥೆ ನೆನಪಾಯಿತು. ಎರಡನೇ ಸೆಮಿಸ್ಟರ್‌ನ ಗಣಿತದಲ್ಲಿ ನಾನು ಫೇಲಾಗಿದ್ದೆ. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದರೆ, ಒಂದು ಪುಟದ ಅಂಕಗಳು ಮೊತ್ತಕ್ಕೆ ಸೇರಿರಲೇ ಇಲ್ಲ. ಮರುಮೌಲ್ಯಮಾಪನದಲ್ಲಿ ಪಾಸಾದೆ. ಮೊದಲು ತಿದ್ದಿದವರು ಸುಳ್ಳು ಹೇಳಿರಲಿಲ್ಲ, ಕೂಡುವಾಗ ತಪ್ಪಿದ್ದರು. ಅಂಕಗಳನ್ನು ಪುಟಪುಟದಲ್ಲೂ ಬರೆದಿದ್ದರಿಂದಲೇ ಆ ತಪ್ಪು ಸಿಕ್ಕಿತು.

ಕೋರ್ಟುಗಳಲ್ಲೂ ಹೀಗಾಗುತ್ತದೆಯೇ? ನಮ್ಮ ಬೆಂಗಳೂರಿನಲ್ಲೇ ಆಗಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ವಿರುದ್ಧದ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತ್ತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕಲ್ ಡಿಕುನ್ಹ ಅವರು 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. 2015ರ ಮೇ 11ರಂದು ಹೈಕೋರ್ಟ್ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು.

ಹೈಕೋರ್ಟಿನ ಲೆಕ್ಕ ಹೀಗಿತ್ತು: ಆದಾಯ ಸುಮಾರು 34.76 ಕೋಟಿ, ಆಸ್ತಿ 37.59 ಕೋಟಿ. ಹೆಚ್ಚುವರಿ ಆಸ್ತಿ ಆದಾಯದ ಶೇ 8.12 ಮಾತ್ರ. ಶೇ 10ರೊಳಗಿನ ವ್ಯತ್ಯಾಸಕ್ಕೆ ವಿನಾಯಿತಿ ನೀಡಬಹುದೆಂಬ 1977ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಆಧರಿಸಿ ಬಿಡುಗಡೆ ಮಾಡಲಾಯಿತು. ಆದರೆ ಆದಾಯಕ್ಕೆ ಸೇರಿಸಿದ್ದ ಸಾಲಗಳ ಪಟ್ಟಿಯಲ್ಲಿ ಮೊತ್ತ 24.17 ಕೋಟಿ ಎಂದಿತ್ತು. ಅದೇ ಪಟ್ಟಿಯನ್ನು ಕೂಡಿದರೆ ಬರುವುದು 10.67 ಕೋಟಿ! ಕ್ಯಾಲ್ಕುಲೇಟರ್ ಹಿಡಿದು ನಾನೂ ಮಾಡಿ ನೋಡಿದೆ. ಹೆಚ್ಚಾಗಿ ಸೇರಿದ 13.50 ಕೋಟಿ ಕಳೆದರೆ ಆದಾಯ 21.26 ಕೋಟಿಗೆ ಇಳಿಯುತ್ತದೆ, ಹೆಚ್ಚುವರಿ ಆಸ್ತಿ ಶೇ 76 ದಾಟುತ್ತದೆ. ಒಂದು ಕೂಡುವ ಲೆಕ್ಕದಲ್ಲಿ ಇಷ್ಟು ಅಂತರ.

ವಿಶೇಷ ಸರ್ಕಾರಿ ಅಭಿಯೋಜಕರಾಗಿದ್ದ ಬಿ.ವಿ. ಆಚಾರ್ಯ ಈ ತಪ್ಪನ್ನು ಕೂಡಲೇ ಎತ್ತಿ ತೋರಿಸಿದರು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಉಳಿದ ಮೂವರು ಜೈಲಿಗೆ ಹೋದರು.

ಮೇಲ್ಮನವಿ ತಪ್ಪಿತಸ್ಥರೋ ಅಲ್ಲವೋ ಎಂದಷ್ಟೇ ನೋಡುವುದಿಲ್ಲ, ಶಿಕ್ಷೆಯ ಅಳತೆಯನ್ನೂ ನೋಡುತ್ತದೆ. 1991ರಲ್ಲಿ ಬೆಂಗಳೂರಿನಲ್ಲಿ ನಡೆದ ಕೊಲೆಯೊಂದರಲ್ಲಿ ಸ್ವಾಮಿ ಶ್ರದ್ಧಾನಂದನಿಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಒಪ್ಪಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಒಪ್ಪಿಕೊಂಡೇ, ಗಲ್ಲಿನ ಬದಲು ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೈಲು ಎಂದಿತು. ಇಲ್ಲೂ ಯಾರೂ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ದೊಡ್ಡಪ್ಪನ ಮಾತಿನಲ್ಲಿ ಹುರುಳೇ ಇಲ್ಲವೇ? ಇದೆ. ಒಂದು ಲೆಕ್ಕ ಸರಿಹೋಗಲು 21 ತಿಂಗಳು ಬೇಕಾಯಿತು. ಅಷ್ಟು ದಿನ ಕಾಯುವ ತಾಕತ್ತು, ವಕೀಲರಿಗೆ ಕೊಡುವ ಹಣ ಎಲ್ಲರಲ್ಲೂ ಇರುವುದಿಲ್ಲ. ಚೆಕ್ ಬೌನ್ಸ್ ಪ್ರಕರಣದ ಮೇಲ್ಮನವಿಯಲ್ಲಂತೂ 2018ರ ತಿದ್ದುಪಡಿಯಂತೆ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20ರಷ್ಟನ್ನು ಠೇವಣಿ ಇಡಲು ಕೋರ್ಟ್ ಹೇಳಬಹುದು. ಸೋತವನು ಮತ್ತೆ ಕೇಳಲು ಮೊದಲು ದುಡ್ಡು ಹೊಂದಿಸಬೇಕು.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಡೂರಿನಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿರುವ ಗೆಳೆಯನೊಂದಿಗೆ ಕುಳಿತು ಕೆಲವನ್ನು ಬರೆದುಕೊಂಡೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆ ವಿರುದ್ಧ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ, ಹೈಕೋರ್ಟಿಗಾದರೆ 60 ದಿನ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಇವನ್ನು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಗಳೆಂದು ಬಾಯಿಪಾಠ ಮಾಡುವ ನಾವು ಮನೆಯವರಿಗೆ ಮಾತ್ರ ಹೇಳುವುದೇ ಇಲ್ಲ.

ಮುಂದಿನ ಭಾನುವಾರ ದೊಡ್ಡಪ್ಪನ ಮನೆಗೆ ಹೋದೆ. ತೀರ್ಪಿನ ಪ್ರತಿ ಕೊಬ್ಬರಿ ಡಬ್ಬದ ಮೇಲೆ ಮಡಚಿದಂತೆಯೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಇಬ್ಬರೂ ಕುಳಿತು ಮೊದಲ ಪುಟದಿಂದ ಓದಿದೆವು. ಅಂದಿಗೆ ಹನ್ನೆರಡು ದಿನ ಕಳೆದಿತ್ತು, ಹದಿನೆಂಟು ಉಳಿದಿದ್ದವು. 'ಸೋತರೂ ಪರವಾಗಿಲ್ಲ, ಯಾಕೆ ಸೋತೆ ಅಂತಾದ್ರೂ ಗೊತ್ತಾಗ್ಲಿ' ಅಂದರು ದೊಡ್ಡಪ್ಪ. ಸೋಮವಾರ ಬೆಳಿಗ್ಗೆ ಕಡೂರಿನ ಮೇಲೆ ಚಿಕ್ಕಮಗಳೂರಿಗೆ ಬಸ್ಸು ಹತ್ತಿದೆವು.