ರೋಸ್‌ಹಿಪ್ ಪುಡಿ v/s ನವಲೂರ ಪೇರಲ (ಭಾಗ 4)

ಅಲ್ರೀ ದೋಸ್ತರ, "ಆರ್ಗ್ಯಾನಿಕ್ ರೋಸ್‌ಹಿಪ್ ಪೌಡರ್ ಬಂತು" ಅಂತ ಸ್ಟೋರಿ ಹಾಕಿದವ್ರು ನಮ್ಮ ಕ್ಲಾಸಿನಾಗ ಎಷ್ಟು ಮಂದಿ ಆದ್ರಿ? ಇವತ್ತು ಜಗಳಾನ.

ರೋಸ್‌ಹಿಪ್ ಸುಳ್ಳಲ್ಲ. ಗುಲಾಬಿ ಪಕಳಿ ಉದುರಿದ ಮ್ಯಾಲೆ ಉಳಿಯೋ ಕೆಂಪು ಕಾಯಿ ಅದು. ತಾಜಾ ಕಾಡು ರೋಸ್‌ಹಿಪ್ 100 ಗ್ರಾಂನಲ್ಲಿ ಸುಮಾರು 426 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ಕ್ಯಾರೋಟಿನಾಯ್ಡ್, ಪಾಲಿಫಿನಾಲ್. ಆದ್ರ ನಿಮಗ ಬರೋದು ಒಣಗಿಸಿದ ಪುಡಿ. ಒಣಗಿಸುವಾಗ, ಇಟ್ಟಷ್ಟು ದಿನ ವಿಟಮಿನ್ ಸಿ ಕಡಿಮೆ ಆಗ್ತೈತಿ. ಕುದಿಯೋ ನೀರಾಗ ಹಾಕಿದ್ರ ಇನ್ನಷ್ಟು. ಆರ್ಗ್ಯಾನಿಕ್ ಲೇಬಲ್ ಹೆಂಗ ಬೆಳೆದ್ರು ಅಂತಷ್ಟ ಹೇಳ್ತೈತಿ, ಒಳಗ ಎಷ್ಟು ಉಳದೈತಿ ಅಂತಲ್ಲ.

ಪೇರಲದಾಗ 100 ಗ್ರಾಂಗೆ ಸುಮಾರು 228 ಮಿಲಿಗ್ರಾಂ. ಕಿತ್ತಳೆಯ ನಾಲ್ಕು ಪಟ್ಟು! ಕೆಂಪು ತಿರುಳಿಂದು ಆದ್ರ ಲೈಕೋಪೀನೂ ಐತಿ. ಅದನ್ನ ಹಸೀದ, ಉಪ್ಪು ಖಾರ ಹಚ್ಚಿ ತಿಂತೀವಿ.

ಎರಡನೇ ಮಹಾಯುದ್ಧದಾಗ ಕಿತ್ತಳೆ ಸಿಗದಾದಾಗ ಬ್ರಿಟನ್ನಿನ ಮಂದಿ ರೋಸ್‌ಹಿಪ್ ಆರಿಸಿ ಸಿರಪ್ ಮಾಡಿದ್ರು. ಯಾಕ? ಅದು ಅವರ ಬೇಲಿಯಾಗ ಇತ್ತು. ನಮ್ಮ ಬೇಲಿಯಾಗ ಏನೈತಿ ನೋಡ್ರಿ.

ಚಿಗರಿ ಬಸ್ಸಿನಾಗ ನವಲೂರು ದಾಟ್ತೀವಿ, ಫೋನಿನಾಗ ಮುಖ ಹಾಕ್ಕೊಂಡು. ಪೇರಲಕ್ಕ ಹೆಸರಾದ ಊರಿನ ತೋಟ ಲೇಔಟ್ ಆಗಾಕತ್ತಾವ. ಆ ಪೇರಲ ಸಾವಯವ ಅಂತ ನಾ ಸರ್ಟಿಫಿಕೇಟ್ ಕೊಡಂಗಿಲ್ಲ. ಆದ್ರ ಬುಟ್ಟಿ ಮುಂದ ಕುಂತ ಅವ್ವಗ "ಔಷಧ ಹೊಡೀತೀರೇನ್ರಿ?" ಅಂತ ಕೇಳಬಹುದು. ಪ್ಯಾಕೆಟ್ಟಿಗೆ ಕೇಳ್ತೀರೇನು?

ನಿಮ್ಮ ಓಣ್ಯಾಗ ಪೇರಲ ಎಲ್ಲಿ ಮಾರ್ತಾರ? ಕಾಮೆಂಟಿನಾಗ ಹಾಕ್ರಿ.